ಮಹಾಪೂರಕ್ಕೆ ಹೋದ ಗುಂಗು

ಉದಗಾಂವ: 2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಾಗ ಅಣ್ಣನ ಮಗನ ಗಿಟಾರ್ ಆಂಪ್ಲಿಫೈಯರ್ ನೆಲದ ಮೇಲೇ ಇತ್ತು. ನಿಂತದ್ದು ಗೇಣು ನೀರು. ಒಣಗಿಸಿದ ಮೇಲೆ ದನಿ ಬಂತು. ದನಿಯ ಹಿಂದಿನ ಗುಂಗು, ಹುಡುಗರ ಮಾತಿನ ರಿವರ್ಬ್, ಬರಲಿಲ್ಲ.

“ಕಾಕಾ, ಗುಜರಿಗೆ ಹಾಕೂಣ” ಅಂದ. ನಾನು ಒಪ್ಪಲಿಲ್ಲ.

ಗುಂಗು ಹುಟ್ಟುವುದು ಪೆಟ್ಟಿಗೆಯ ತಳದ ತಗಡಿನ ಡಬ್ಬಿಯಲ್ಲಿ. ಒಂದು ತುದಿಯ ಕಾಯಿಲ್ ಸ್ಪ್ರಿಂಗುಗಳನ್ನು ಅಲುಗಿಸುತ್ತದೆ. ಅಲುಗಾಟ ಆಚೆ ಹೋಗಿ, ಮರಳಿ, ಮತ್ತೆ ಹೋಗುತ್ತದೆ. ಆಚೆಯ ಕಾಯಿಲ್ ಅದನ್ನು ಪುನಃ ಕರೆಂಟು ಮಾಡುತ್ತದೆ. ಹ್ಯಾಮಂಡ್ ಆರ್ಗನ್ನಿನಲ್ಲಿದ್ದ ಈ ಯುಕ್ತಿಯನ್ನು ಫೆಂಡರ್ ಕಂಪನಿ 1963ರಲ್ಲಿ ತನ್ನ ಆಂಪ್ಲಿಫೈಯರಿನೊಳಗೇ ಕೂಡಿಸಿತು. ಮಿರಜದ ಸಿತಾರಿನ ತರಬ್ ತಂತಿ ಕೇಳಿದ ನಮಗೆ ಇದೇನು ಪರಕೀಯ ಅನಿಸಲಿಲ್ಲ.

ನಮ್ಮ ಡಬ್ಬಿಯಲ್ಲಿ ಕಾಯಿಲಿನ ಕೂದಲೆಳೆ ತಂತಿ ತುಕ್ಕಿಗೆ ಕಡಿದಿತ್ತು. ಹೊಸಾದು ತರಿಸಿದೆವು. ಉದ್ದ ಸರಿ, ಸುಮಾರು 17 ಇಂಚು. ಗುಂಗು ಮಾತ್ರ ಇಲ್ಲದಷ್ಟೇ. ಮೇಲಿನ ಸಂಕೇತದಲ್ಲಿ ಅಂಕಿಯ ಮುಂದಿನ ಅಕ್ಷರ ನೋಡಬೇಕಿತ್ತು: ‘ಎ’ ಅಂದರೆ 8 ಓಮ್, ‘ಎಫ್’ ಅಂದರೆ 1475. ನಮಗೆ ಬೇಕಾದದ್ದು ‘ಎ’, ಬಂದದ್ದು ‘ಎಫ್’.

ಸರಿಯಾದದ್ದು ಸಿಕ್ಕ ಮೇಲೆ ಎರಡು ವಾಯರು, ನಾಲ್ಕು ಸ್ಕ್ರೂ, ಅರ್ಧ ತಾಸಿನ ಕೆಲಸ. ಪ್ಲಗ್ ಕಿತ್ತರೂ ಕಂಡೆನ್ಸರಿನಲ್ಲಿ ಕರೆಂಟು ಉಳಿದಿರುತ್ತದೆ. ಮೇಲಿನ ಚಾಸಿಗೆ ಕೈ ಹಾಕಬೇಡಿರಿ.

2021ರಲ್ಲಿ ಕೃಷ್ಣೆ ಮತ್ತೆ ಏರಿದಾಗ ಹುಡುಗ ಮೊದಲು ಅಟ್ಟಕ್ಕೇರಿಸಿದ್ದು ಆ ಪೆಟ್ಟಿಗೆ. ಜೋಳದ ಚೀಲ ಆಮೇಲೆ.