ಮುಳ್ಳುಮರದ ಸಿಹಿ ಹಿಟ್ಟು

ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಮಗಳ ಮನೆಗೆಂದು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಿಗೆ ಹೋಗಿದ್ದೆವು. ಮರುಭೂಮಿಯ ಊರು. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಒಂದು ಬೆಳಿಗ್ಗೆ ಮಗಳು ದೋಸೆಯಂಥದ್ದೊಂದನ್ನು ತಟ್ಟೆಗೆ ಹಾಕಿ, “ಅಪ್ಪಾ, ಇದು ಯಾವ ಹಿಟ್ಟು ಹೇಳಿ ನೋಡೋಣ” ಎಂದಳು. ಕಂದು ಬಣ್ಣ, ಹುರಿದ ಹಿಟ್ಟಿನ ಘಮ, ಹಿತವಾದ ಸಿಹಿ. “ಗೋಧಿಗೆ ಬೆಲ್ಲ ಹಾಕಿದೀಯಾ?” ಎಂದೆ. ಚೂರು ಬೆಲ್ಲವನ್ನೂ ಹಾಕಿರಲಿಲ್ಲವಂತೆ. ಮೊಮ್ಮಗ ನನ್ನ ಕೈಹಿಡಿದು ಹಿತ್ತಲಿಗೆ ಕರೆದೊಯ್ದು, “ಅಜ್ಜಾ, ಗೋಧಿ ಜೊತೆಗೆ ಈ ಮರದ ಕಾಯಿ ಹಿಟ್ಟು ಸೇರಿದೆ” ಎಂದು ತೋರಿಸಿದ.

ಮರ ನೋಡಿ ನನಗೆ ನಗು ಬಂತು. ಸಣ್ಣ ಸಣ್ಣ ಎಲೆ, ಚೂಪು ಮುಳ್ಳು, ಗೊಂಚಲಾಗಿ ಜೋತಾಡುವ ಹಳದಿ ಕಾಯಿ. ಥೇಟ್ ನಮ್ಮ ಬಳ್ಳಾರಿ ಜಾಲಿ!

ಬಳ್ಳಾರಿ ಸೀಮೆಯ ಒಂದು ಹಳ್ಳಿ ಶಾಖೆಯಲ್ಲಿ ನಾನು ಆರು ವರ್ಷ ಬ್ಯಾಂಕ್ ಗುಮಾಸ್ತನಾಗಿದ್ದೆ. ಈ ಮುಳ್ಳಿನಿಂದ ನನ್ನ ಸೈಕಲ್ ಪಂಕ್ಚರ್ ಆದದ್ದಕ್ಕೆ ಲೆಕ್ಕವೇ ಇಲ್ಲ. ಕುರಿ ಸಾಲಕ್ಕೆಂದು ಬರುತ್ತಿದ್ದ ಹಿರಿಯರೊಬ್ಬರು ಒಮ್ಮೆ, “ಕುರಿ ಕಾಯೋ ಹುಡುಗ್ರು ಇದರ ಕಾಯಿ ಚೀಪ್ತಾರೆ ಸಾರ್, ಸಿಹಿ ಇರ್ತೈತಿ” ಎಂದಿದ್ದರು. ನಾನು ನಕ್ಕು ಸುಮ್ಮನಾಗಿದ್ದೆ. ಅವರ ಮಾತು ನಿಜವೆಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು, ಅದೂ ಅಷ್ಟು ದೂರ ಹೋಗಿ.

ಮರುಭೂಮಿಯ ಜನರ ಊಟ

ಈ ಮರಕ್ಕೆ ಅಲ್ಲಿ ಮೆಸ್ಕೀಟ್ ಎನ್ನುತ್ತಾರೆ. ಮೆಕ್ಸಿಕೋದ ಹಳೆಯ ನಾವಾಟ್ಲ್ ಭಾಷೆಯಿಂದ ಬಂದ ಹೆಸರು. ಅದರಲ್ಲಿ ಹಲವು ಜಾತಿಗಳಿವೆ. ಟೂಸಾನಿನ ಮರವೂ ನಮ್ಮ ಬಳ್ಳಾರಿ ಜಾಲಿಯೂ ಒಂದೇ ಅಲ್ಲ, ಅಕ್ಕತಂಗಿಯರು. ನೀರು ಹುಡುಕುವುದರಲ್ಲಿ ಮೆಸ್ಕೀಟ್ ಗಟ್ಟಿಗ. ಅರಿಜೋನಾದ ಒಂದು ಗಣಿಯನ್ನು ಅಗೆಯುವಾಗ ಇದರ ಬೇರು ನೆಲದಿಂದ 50 ಮೀಟರಿಗೂ ಆಳದಲ್ಲಿ ಸಿಕ್ಕಿತ್ತು.

ಮಳೆ ಕೈಕೊಟ್ಟು ಜೋಳ, ಅವರೆ ಒಣಗಿದರೂ ಈ ಮರ ಕಾಯಿ ಬಿಡುತ್ತದೆ. ಆದ್ದರಿಂದ ಅಲ್ಲಿನ ಮೂಲ ನಿವಾಸಿಗಳಾದ ಟೊಹೊನೊ ಓಡಮ್ ಜನರಿಗೆ ಇದು ಅನ್ನ ಕೊಡುವ ಮರ. ಅವರ ಹೆಸರಿನ ಅರ್ಥವೇ ‘ಮರುಭೂಮಿಯ ಜನ’. ಹಿಂದೆ ಹೆಂಗಸರು, ಮಕ್ಕಳು ಬುಟ್ಟಿ ಹಿಡಿದು ಕಾಯಿ ಆಯುತ್ತಿದ್ದರು. ಅದನ್ನು ಒಣಗಿಸಿ, ಕೆಂಡದಲ್ಲಿ ಹದವಾಗಿ ಹುರಿಯುತ್ತಿದ್ದರು. ಒಳಗಿನ ಹುಳು ಸಾಯಲೆಂದು ಈ ಹುರಿಯುವಿಕೆ. ಆಮೇಲೆ ಒರಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟುವುದು. ಬಂಡೆಯಲ್ಲೇ ಕೊರೆದ ಅಂಥ ಒರಳುಗಳನ್ನು ಆ ನಾಡಿನ ಬೆಟ್ಟಗಳಲ್ಲಿ ಈಗಲೂ ನೋಡಬಹುದು.

ನಮ್ಮ ಅವರೆ, ತೊಗರಿಯಲ್ಲಿ ಸಿಪ್ಪೆ ಬಿಟ್ಟು ಕಾಳು ತಿನ್ನುತ್ತೇವೆ. ಇಲ್ಲಿ ಅದು ತಿರುಗುಮುರುಗು. ಸಿಹಿ ಇರುವುದು ಬೀಜದ ಸುತ್ತಲಿನ ತಿರುಳಿನಲ್ಲಿ. ಬೀಜ ಕಲ್ಲಿನಂತೆ ಗಟ್ಟಿ, ಕುಟ್ಟಿದರೂ ಸುಲಭಕ್ಕೆ ಒಡೆಯದು. ಜರಡಿ ಹಿಡಿದರೆ ಹಿಟ್ಟು ಕೆಳಗೆ, ಬೀಜ ಮೇಲೆ. ಹಿಟ್ಟಿಗೆ ನೀರು ಚಿಮುಕಿಸಿ ಒತ್ತಿ ಒಣಗಿಸಿದರೆ ಬೆಲ್ಲದಚ್ಚಿನಂಥ ಗಟ್ಟಿ ಉಂಡೆ. ಬಹುಕಾಲ ಕೆಡದು. ದಾರಿಯಲ್ಲಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳಬಹುದು, ನೀರಿಗೆ ಕದಡಿ ಪಾನಕದಂತೆ ಕುಡಿಯಬಹುದು.

ತಟ್ಟೆ ಬದಲಾದಾಗ

“ನನಗೆ ಸಕ್ಕರೆ ಕಾಯಿಲೆ ಇದೆಯಲ್ಲಮ್ಮ, ಇಷ್ಟು ಸಿಹಿ ತಿನ್ನಬಹುದಾ?” ಎಂದು ಮಗಳನ್ನು ಕೇಳಿದೆ. ಅವಳು ಓಡಮ್ ಜನರದೇ ಕಥೆ ಹೇಳಿದಳು.

ಟೊಹೊನೊ ಓಡಮ್ ಜನರ ದಾಯಾದಿಗಳಾದ ಅಕಿಮೆಲ್ ಓಡಮ್, ಅಂದರೆ ‘ನದಿಯ ಜನ’, ಹೀಲಾ ನದಿಯ ದಡದ ರೈತರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಮೇಲಿನ ಪ್ರದೇಶಕ್ಕೆ ಬಂದು ನೆಲೆಸಿದವರು ಆ ನೀರನ್ನು ತಿರುಗಿಸಿಕೊಂಡರು. ಇವರ ಹೊಲಗಳು ಒಣಗಿದವು. ಹೊಟ್ಟೆಪಾಡಿಗೆ ಎಷ್ಟೋ ಜನ ಮೆಸ್ಕೀಟ್ ಮರಗಳನ್ನೇ ಕಡಿದು ಸೌದೆ ಮಾರಿದರು. ಮುಂದೆ ಅಂತರ್ಜಲ ಇಳಿದು ನದಿ ಬದಿಯ ದೊಡ್ಡ ದೊಡ್ಡ ಮೆಸ್ಕೀಟ್ ತೋಪುಗಳು ಸತ್ತವು. ಕಾಯಿ ಹಿಟ್ಟಿನ ಜಾಗಕ್ಕೆ ಬಿಳಿ ಮೈದಾ, ಸಕ್ಕರೆ, ಹಂದಿಕೊಬ್ಬು ಬಂದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರಲ್ಲಿ ಸಕ್ಕರೆ ಕಾಯಿಲೆ ಕಾಣುವುದೇ ಅಪರೂಪವಾಗಿತ್ತು. ಅದೇ ಶತಮಾನ ಮುಗಿಯುವ ಮುಂಚೆ ಮೂವತ್ತೈದು ದಾಟಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಆ ಕಾಯಿಲೆ. ಊಟವೊಂದೇ ಇದಕ್ಕೆ ಕಾರಣವಲ್ಲ, ಆದರೆ ಅದರ ಪಾಲು ದೊಡ್ಡದು.

ಮೆಸ್ಕೀಟ್ ಹಿಟ್ಟಿನಲ್ಲಿ ಸಿಹಿಯ ಜೊತೆಗೆ ನಾರು ಧಾರಾಳ, ಪ್ರೋಟೀನೂ ಇದೆ. ಅದರಲ್ಲಿರುವ ಅಂಟಿನಂಥ ನಾರು ಸಕ್ಕರೆಯನ್ನು ರಕ್ತಕ್ಕೆ ನಿಧಾನವಾಗಿ ಬಿಡುತ್ತದೆ. ಹಾಗೆಂದು ಇದು ಔಷಧಿ ಅಲ್ಲ. ನಾನು ಒಂದೇ ದೋಸೆಗೆ ನಿಲ್ಲಿಸಿದೆ, ಮಾತ್ರೆಯನ್ನೂ ತೆಗೆದುಕೊಂಡೆ.

ಈಗ ಅಲ್ಲಿ ಹಳೆಯ ಊಟ ಮೆಲ್ಲಗೆ ಮರಳುತ್ತಿದೆ. ಓಡಮ್ ಹಿರಿಯರು ಮಕ್ಕಳಿಗೆ ಕಾಯಿ ಆಯುವುದನ್ನು ಕಲಿಸುತ್ತಾರೆ. ಟೂಸಾನಿನ ಡೆಸರ್ಟ್ ಹಾರ್ವೆಸ್ಟರ್ಸ್ ಎಂಬ ಸಂಘದವರು ಗಿರಣಿ ತಂದಿಟ್ಟು, ಊರವರು ಹೊತ್ತು ತಂದ ಕಾಯಿಯನ್ನು ಬೀಸಿಕೊಡುತ್ತಾರೆ. ನಾನು ತಿಂದದ್ದು ಹಾಗೆ ಬೀಸಿಸಿದ ಹಿಟ್ಟು. 2015ರಲ್ಲಿ ಯುನೆಸ್ಕೊ ಟೂಸಾನ್ ಊರನ್ನು ಆಹಾರ ಪರಂಪರೆಯ ನಗರವೆಂದು ಗುರುತಿಸಿತು. ಇಂಥ ಹಳೆಯ ಊಟಗಳ ಪಾಲೂ ಅದರಲ್ಲಿದೆ.

ನಮ್ಮೂರಿಗೆ ಬಂದ ಕಥೆ

ಹಾಗಾದರೆ ಈ ಮರ ನಮ್ಮಲ್ಲಿಗೆ ಹೇಗೆ ಬಂತು? 1877ರ ಸುಮಾರಿಗೆ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆಯವರು ಜಮೈಕಾದಿಂದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಿದರು. ಒಣನೆಲದಲ್ಲಿ ಹಸಿರು ಬೆಳೆಯಲಿ, ಸೌದೆ ಸಿಗಲಿ ಎಂಬುದು ಅವರ ಯೋಚನೆ. ಆಗ ಬಳ್ಳಾರಿಯೂ ಅದೇ ಪ್ರಾಂತ್ಯದಲ್ಲಿತ್ತು. ಇಸವಿ ಗಮನಿಸಿ. ಧಾತು–ಈಶ್ವರ ಸಂವತ್ಸರಗಳ ಘೋರ ಬರ ಅದೇ ಸೀಮೆಯನ್ನು ಸುಡುತ್ತಿದ್ದ ವರ್ಷಗಳವು. ಅಂದು ನೆಟ್ಟ ಸಸಿ ಅಂದೇ ಹೊಟ್ಟೆ ತುಂಬಿಸುತ್ತಿರಲಿಲ್ಲ, ನಿಜ. ಆದರೆ ಮುಂದಿನ ಬರಗಳಿಗಾದರೂ ಆಗಬಹುದಿತ್ತು. ಬೀಜ ಹಡಗು ಹತ್ತಿ ಬಂತು. ಅದನ್ನು ಹುರಿದು ಕುಟ್ಟುವ ಅಜ್ಜಿ ಬರಲಿಲ್ಲ.

ಹೀಗಾಗಿ ನಮಗೆ ಅದು ಸೌದೆ, ಇದ್ದಿಲು ಮತ್ತು ತಲೆನೋವು. ಕುರಿ, ದನ ಕಾಯಿ ತಿಂದು ಹಿಕ್ಕೆ, ಸಗಣಿಯಲ್ಲಿ ಬೀಜ ಉದುರಿಸಿದವು. ಕೆರೆ ಅಂಗಳ, ಗೋಮಾಳವೆಲ್ಲ ಮುಳ್ಳಾಯಿತು. ರೈತರ ಸಿಟ್ಟು ಸುಳ್ಳಲ್ಲ. ಇನ್ನಷ್ಟು ನೆಡಿ ಎಂದು ನಾನು ಹೇಳುತ್ತಿಲ್ಲ.

ಇದಕ್ಕೆ ನಮ್ಮ ದೇಶದಲ್ಲೇ ಹುಟ್ಟಿದ ಒಬ್ಬ ನೆಂಟನಿದ್ದಾನೆ, ಗೊತ್ತೇ? ದಸರೆಯಲ್ಲಿ ಎಲೆ ಹಂಚಿ ‘ಬಂಗಾರದ ಹಾಗಿರೋಣ’ ಎನ್ನುತ್ತೇವಲ್ಲ, ಆ ಬನ್ನಿ ಮರ! ರಾಜಸ್ಥಾನದಲ್ಲಿ ಅದರ ಹೆಸರು ಖೇಜಡಿ. ಅದರ ಎಳೆ ಕಾಯಿ ‘ಸಾಂಗ್ರಿ’ಯನ್ನು ಒಣಗಿಸಿಟ್ಟು ಪಲ್ಯ ಮಾಡುತ್ತಾರೆ. ಅಲ್ಲಿನ ಮದುವೆ ಊಟದಲ್ಲೂ ಅದು ಇರುತ್ತದೆ. ಮರುಭೂಮಿಯ ಅಜ್ಜಿಯರು ಇಲ್ಲೂ ಅದೇ ದಾರಿ ಹಿಡಿದಿದ್ದಾರೆ.

ಕಾಯಿ ಆಯುವವರ ನಿಯಮಗಳು

ಮೊಮ್ಮಗ ನನಗೆ ಕಲಿಸಿದ ಪಾಠ ಇದು:

• ಕಾಯಿ ಹಣ್ಣಾಗಿ, ಬಾಗಿಸಿದರೆ ಪಟ್ಟೆಂದು ಮುರಿಯಬೇಕು. ಅಲುಗಿಸಿದರೆ ಬೀಜ ಗಲಗಲ ಎನ್ನಬೇಕು.

• ಒಂದೊಂದು ಮರದ ರುಚಿ ಒಂದೊಂದು. ಮೊದಲು ಒಂದೇ ಕಾಯಿಯ ರುಚಿ ನೋಡಬೇಕು. ಕಹಿ ಇದ್ದರೆ, ಗಂಟಲು ಕೆರೆದರೆ ಆ ಮರ ಬೇಡ.

• ಮಳೆಗೆ ಮುಂಚೆಯೇ, ಮರದಿಂದಲೇ ಕೀಳಬೇಕು. ನೆಲಕ್ಕೆ ಬಿದ್ದು ನೆನೆದ ಕಾಯಿಗೆ ಬೂಷ್ಟು ಹಿಡಿಯುತ್ತದೆ. ಕೆಟ್ಟ ಕಡಲೆಕಾಯಿಯಲ್ಲಿರುವಂಥ ವಿಷ ಅದರಲ್ಲೂ ಸೇರಬಹುದು.

• ರಸ್ತೆ ಬದಿಯ ಮರ, ಔಷಧಿ ಹೊಡೆದ ಹೊಲದ ಪಕ್ಕದ ಮರ ಬೇಡ.

• ಗೋಧಿ ಹಿಟ್ಟು ಮೂರು ಪಾಲಾದರೆ ಇದು ಒಂದು ಪಾಲು ಸಾಕು. ಉರಿ ಸಣ್ಣಗಿರಲಿ, ಸಿಹಿ ಇರುವುದರಿಂದ ಬೇಗ ಸೀಯುತ್ತದೆ.

ಮಕ್ಕಳೇ, ಇದನ್ನು ಓದಿ ಬೇಲಿಯ ಬಳ್ಳಾರಿ ಜಾಲಿಗೆ ಕೈ ಹಾಕಬೇಡಿ. ಮುಳ್ಳು ಚುಚ್ಚಿದರೆ ಕೀವಾಗುತ್ತದೆ. ತಿಳಿದ ಹಿರಿಯರಿಲ್ಲದೆ ಯಾವ ಕಾಡುಕಾಯಿಯನ್ನೂ ತಿನ್ನಬಾರದು. ಅದರ ಬದಲು ಇವತ್ತು ಸಂಜೆ ನಿಮ್ಮ ಅಜ್ಜ ಅಜ್ಜಿಯ ಪಕ್ಕ ಕೂತು, “ನೀವು ಚಿಕ್ಕವರಿದ್ದಾಗ ಬೇಲಿಯಿಂದ, ಗುಡ್ಡದಿಂದ ಏನೇನು ತಂದು ತಿಂತಿದ್ರಿ?” ಎಂದು ಕೇಳಿ. ಕಾರೆ, ಬೋರೆ, ಸೀಮೆಹುಣಸೆ, ಅಣ್ಣೆಸೊಪ್ಪು ಎಂದು ಪಟ್ಟಿ ಶುರುವಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾವುದನ್ನು ಹೇಗೆ ತಿನ್ನಬೇಕು, ಯಾವುದು ಕೂಡದು ಎಂಬುದನ್ನೂ ಕೇಳಿಕೊಳ್ಳಿ.

ಅಜ್ಜ ಅಜ್ಜಿಯರೇ, ಅವರು ಕೇಳದಿದ್ದರೆ ನೀವೇ ಹೇಳಿ. ಆ ಕುರಿಗಾಹಿ ಹಿರಿಯರ ಮಾತನ್ನು ನಾನು ಅಂದೇ ಕಿವಿಗೊಟ್ಟು ಕೇಳಬೇಕಿತ್ತು.