ಬುದ್ಧಿಹಲ್ಲು ಕೀಳಿಸಿದರೆ ಕಣ್ಣು ಹೋಗುವುದಿಲ್ಲ

ಬುದ್ಧಿಹಲ್ಲು ಕೀಳಿಸಬೇಕು ಎಂದು ದಂತವೈದ್ಯರು ಹೇಳಿದ್ದೇ ತಡ, ಮನೆಯಲ್ಲಿ ಸಲಹೆಗಾರರ ಸಭೆ ಸೇರುತ್ತದೆ. ಒಬ್ಬರು ಕಣ್ಣು ಮಂಜಾಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು ನರ ತುಂಡಾಗಿ ಬಾಯಿ ಸೊಟ್ಟಗಾದ ಯಾರದೋ ಕಥೆ ತೆಗೆಯುತ್ತಾರೆ. ಮತ್ತೊಬ್ಬರಿಗೆ ಅಮಾವಾಸ್ಯೆ ಕಳೆಯಬೇಕು. ಇದರಲ್ಲಿ ಮುಕ್ಕಾಲು ಪಾಲನ್ನು ನಾವೂ ನಂಬಿದವರೇ. ವಿಚಿತ್ರವೆಂದರೆ ಭಯವೆಲ್ಲ ಹಲ್ಲು ಕೀಳುವ ಆ ಅರ್ಧ ಮುಕ್ಕಾಲು ಗಂಟೆಯ ಬಗ್ಗೆ. ಎಚ್ಚರ ಬೇಕಾದದ್ದು ಆಮೇಲಿನ ಒಂದು ವಾರದಲ್ಲಿ. ಅದರ ಬಗ್ಗೆ ಸಭೆಯಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ.

ತಪ್ಪು ಕಲ್ಪನೆ: ಹಲ್ಲಿನ ನರಕ್ಕೂ ಕಣ್ಣಿನ ನರಕ್ಕೂ ಸಂಬಂಧವಿದೆ, ಮೇಲ್ದವಡೆಯ ಹಲ್ಲು ಕೀಳಿಸಿದರೆ ದೃಷ್ಟಿ ಮಂದವಾಗುತ್ತದೆ.

ವಾಸ್ತವ: ನೋಟವನ್ನು ಮೆದುಳಿಗೆ ಒಯ್ಯುವುದು ದೃಷ್ಟಿನರ. ಮೆದುಳಿನ ಹನ್ನೆರಡು ಜೋಡಿ ನರಗಳಲ್ಲಿ ಅದು ಎರಡನೆಯದು. ಹಲ್ಲಿನ ನೋವನ್ನು ಒಯ್ಯುವುದು ಐದನೆಯದು, ಟ್ರೈಜೆಮಿನಲ್. ಅದಕ್ಕೆ ಮೂರು ಕವಲು: ಹಣೆ ಮತ್ತು ಕಣ್ಣಿನ ಸುತ್ತಲಿಗೆ ಒಂದು, ಮೇಲ್ದವಡೆಗೆ ಒಂದು, ಕೆಳದವಡೆಗೆ ಒಂದು. ಬುಡ ಒಂದೇ ಆದ್ದರಿಂದ ಹಲ್ಲುನೋವು ಕಣ್ಣಿನ ಹಿಂದೆಯೋ ಕಿವಿಯೊಳಗೋ ಸಿಡಿದ ಹಾಗೆ ಅನಿಸುತ್ತದೆ. ಹಾಗೆ ಅನಿಸುವುದು ಸುಳ್ಳಲ್ಲ. ಆದರೆ ಆ ಕವಲುಗಳಲ್ಲಿ ಹರಿಯುವುದು ನೋವು ಮತ್ತು ಸ್ಪರ್ಶ, ನೋಟವಲ್ಲ.

ಇನ್ನೊಂದು ಕಾಕತಾಳೀಯವೂ ಈ ನಂಬಿಕೆಯನ್ನು ಸಾಕಿದೆ. ನಮ್ಮ ಹಿರಿಯರು ಹಲ್ಲು ಕೀಳಿಸಲು ಶುರುಮಾಡುತ್ತಿದ್ದುದು ನಲವತ್ತರ ಆಸುಪಾಸಿನಲ್ಲಿ. ಚಾಳೀಸು ಬರುವುದೂ ಆಗಲೇ. ಹಲ್ಲು ಹೋದ ವರ್ಷವೇ ಪತ್ರಿಕೆಯನ್ನು ದೂರ ಹಿಡಿದು ಓದಬೇಕಾಗಿ ಬಂದರೆ ಯಾರನ್ನು ದೂರುವುದು? ಕುರ್ಚಿಯ ಪಕ್ಕ ನಿಂತಿದ್ದ ದಂತವೈದ್ಯರನ್ನು.

ಮರಗಟ್ಟಿಸುವ ಇಂಜೆಕ್ಷನ್ ತೀರ ಅಪರೂಪಕ್ಕೆ ಕಣ್ಣಿನ ಸ್ನಾಯುಗಳವರೆಗೆ ಹರಡಿ, ಸ್ವಲ್ಪ ಹೊತ್ತು ಎಲ್ಲವೂ ಎರಡೆರಡಾಗಿ ಕಾಣುವುದುಂಟು. ಔಷಧದ ಪರಿಣಾಮ ಇಳಿದಂತೆ ಅದೂ ಇಳಿಯುತ್ತದೆ. ಕಣ್ಣಿಗೆ ನಿಜವಾದ ಅಪಾಯ ಬೇರೆ ಕಡೆಯಿಂದಿದೆ. ಮೇಲ್ದವಡೆಯ ಹಲ್ಲಿನಲ್ಲಿ ಕೀವು ಕಟ್ಟಿಕೊಂಡು, ಅದನ್ನು ಹಾಗೆಯೇ ಬಿಟ್ಟರೆ, ಸೋಂಕು ಕಣ್ಣುಗುಳಿಯವರೆಗೆ ಹಬ್ಬಬಹುದು. ಕಣ್ಣಿನ ಹೆದರಿಕೆಯಿಂದ ಹಲ್ಲು ಉಳಿಸಿಕೊಂಡವರು ಹೆದರಬೇಕಾದದ್ದು ಆ ಹಲ್ಲಿಗೇ.

ತಪ್ಪು ಕಲ್ಪನೆ: ಬುದ್ಧಿಹಲ್ಲು ಹೋದರೆ ಬುದ್ಧಿಯೂ ಹೋಗುತ್ತದೆ, ಅದು ಹುಟ್ಟದವರು ಮಂದರು.

ವಾಸ್ತವ: ಸುಮಾರು 17ರಿಂದ 25ರ ವಯಸ್ಸಿನಲ್ಲಿ ಮೂಡುವ ಮೂರನೆಯ ದವಡೆಹಲ್ಲು ಇದು. ಹೆಸರು ವಯಸ್ಸಿನಿಂದ ಬಂದದ್ದು. ಸರಿಸುಮಾರು ಐವರಲ್ಲಿ ಒಬ್ಬರಿಗೆ ನಾಲ್ಕರಲ್ಲಿ ಒಂದಾದರೂ ಹುಟ್ಟುವುದೇ ಇಲ್ಲ. ಅವರು ಅದೃಷ್ಟವಂತರು, ಅಷ್ಟೇ.

ತಪ್ಪು ಕಲ್ಪನೆ: ಬುದ್ಧಿಹಲ್ಲು ಯಾವತ್ತಿದ್ದರೂ ಕಾಟ ಕೊಡುವಂಥದ್ದು, ನಾಲ್ಕನ್ನೂ ಮೊದಲೇ ತೆಗೆಸಿಬಿಡುವುದು ಜಾಣತನ.

ವಾಸ್ತವ: ನೇರವಾಗಿ ಮೂಡಿ, ಎದುರಿನ ಹಲ್ಲಿಗೆ ಕೂಡಿಕೊಂಡು, ಬ್ರಷ್ಷಿಗೆ ಸಿಗುವ ಬುದ್ಧಿಹಲ್ಲು ಉಳಿದ ದವಡೆಹಲ್ಲುಗಳಷ್ಟೇ ಒಳ್ಳೆಯದು. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲೇ ಸ್ಪಷ್ಟವಾಗಿ ಹೇಳಿತು: ರೋಗವಿಲ್ಲದ ಬುದ್ಧಿಹಲ್ಲು ಹುದುಗಿಕೊಂಡಿದ್ದರೂ ಮುಂಜಾಗ್ರತೆಗೆಂದು ಕೀಳಬೇಡಿ. ಅಮೆರಿಕದಲ್ಲಿ ಹರೆಯದಲ್ಲೇ ನಾಲ್ಕನ್ನೂ ತೆಗೆಸುವ ರೂಢಿ ಬಲವಾಗಿದೆ. ಅಲ್ಲಿರುವ ನಮ್ಮ ಬಂಧುಗಳ ಮಕ್ಕಳು ತೆಗೆಸಿಕೊಂಡರೆಂದು ಇಲ್ಲಿ ನಾವು ಗಾಬರಿಯಾಗಬೇಕಿಲ್ಲ.

ಹಾಗೆಂದು ನೋವಿಲ್ಲ ಎಂದರೆ ತೊಂದರೆ ಇಲ್ಲ ಎಂದೂ ಅರ್ಥವಲ್ಲ. ಅಡ್ಡಡ್ಡ ಮಲಗಿದ ಹಲ್ಲು ಮುಂದಿನ ದವಡೆಹಲ್ಲಿಗೆ ತಲೆಯೊತ್ತಿ, ಆ ಸಂದಿಯಲ್ಲಿ ಅನ್ನದಗುಳು ನಿಂತು, ಎರಡೂ ಹುಳುಕಾಗುವುದು ಸದ್ದಿಲ್ಲದೆ ನಡೆಯುವ ಕೆಲಸ. ಹಲ್ಲಿನ ಸುತ್ತ ನೀರ್ಗುಳ್ಳೆ ಬೆಳೆಯುವುದೂ ಹಾಗೆಯೇ. ಎರಡೂ ದವಡೆಗಳನ್ನು ಒಟ್ಟಿಗೆ ತೋರಿಸುವ ಒಪಿಜಿ ಎಕ್ಸ್‌ರೇ ನೋಡದೆ ಕೀಳಿ ಎನ್ನುವುದೂ ಬೇಡ ಎನ್ನುವುದೂ ಊಹೆಯೇ. ಕಾರಣವಿದ್ದರೆ ಇಪ್ಪತ್ತರ ಹರೆಯದಲ್ಲಿ ಕೀಳಿಸುವುದು ಸುಲಭ. ವಯಸ್ಸಾದಂತೆ ಮೂಳೆ ಗಡುಸಾಗುತ್ತದೆ, ಗಾಯ ಮಾಯುವುದೂ ನಿಧಾನ.

ತಪ್ಪು ಕಲ್ಪನೆ: ಮುಂದಿನ ಹಲ್ಲುಗಳು ಸೊಟ್ಟಗಾಗುವುದು ಹಿಂದಿನಿಂದ ಬುದ್ಧಿಹಲ್ಲು ತಳ್ಳುವುದರಿಂದ.

ವಾಸ್ತವ: ಕೇಳಲು ಎಷ್ಟು ಸಲೀಸಾಗಿದೆಯೆಂದರೆ ಅನುಮಾನವೇ ಬರುವುದಿಲ್ಲ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಹರೆಯದವರನ್ನು ಎರಡು ಗುಂಪು ಮಾಡಿ, ಒಂದರವರಿಗೆ ಬುದ್ಧಿಹಲ್ಲು ತೆಗೆದು, ಇನ್ನೊಂದರವರಿಗೆ ಬಿಟ್ಟು, ಸುಮಾರು ಐದು ವರ್ಷ ನೋಡಿದರು. ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಬುದ್ಧಿಹಲ್ಲೇ ಹುಟ್ಟದವರಲ್ಲೂ ಕೆಳಗಿನ ಮುಂಬಲ್ಲುಗಳು ವಯಸ್ಸಿನೊಂದಿಗೆ ಒತ್ತೊತ್ತಾಗುತ್ತವೆ.

ತಪ್ಪು ಕಲ್ಪನೆ: ಊದಿಕೊಂಡಾಗ ನಾಲ್ಕು ಮಾತ್ರೆ ನುಂಗಿ, ಲವಂಗ ಕಚ್ಚಿಕೊಂಡರೆ ವಾಸಿಯಾಗುತ್ತದೆ; ಕೀಳಿಸುವ ಗೋಜೇ ಬೇಡ.

ವಾಸ್ತವ: ಅರ್ಧ ಮೂಡಿದ ಹಲ್ಲಿನ ಮೇಲೆ ಒಸಡಿನ ಮುಚ್ಚಳ ಉಳಿದಿರುತ್ತದೆ. ಅದರಡಿಯಲ್ಲಿ ಕೊಳೆ ಸೇರಿದಾಗ ಬಾವು ಬರುತ್ತದೆ. ಬಾಯಿ ತೆರೆಯಲಾಗದು, ಉಗುಳು ನುಂಗಲೂ ನೋವು. ಲವಂಗದ ಯೂಜಿನಾಲ್ ನಿಜವಾಗಿಯೂ ನೋವು ಮರೆಸುತ್ತದೆ. ಆ ಮಟ್ಟಿಗೆ ಅಜ್ಜಿ ಹೇಳಿದ್ದು ಸರಿ. ಗಂಟೆಗಟ್ಟಲೆ ಒತ್ತಿಟ್ಟುಕೊಂಡರೆ ಒಸಡು ಸುಡುತ್ತದೆ, ಅದನ್ನು ಅಜ್ಜಿ ಹೇಳಿರಲಿಲ್ಲ. ಆಂಟಿಬಯಾಟಿಕ್ ಸೋಂಕನ್ನು ಸುಮ್ಮನಾಗಿಸುತ್ತದೆ, ಮುಚ್ಚಳವನ್ನು ತೆಗೆಯುವುದಿಲ್ಲ. ಹಾಗಾಗಿ ಬಾವು ಮರಳಿ ಬರುತ್ತದೆ. ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡುವ ಮನೆಮದ್ದಂತೂ ಬೇಡವೇ ಬೇಡ: ಕೀವು ಚರ್ಮದ ಕಡೆಗೆ ಒಡೆಯಬಹುದು. ಗದ್ದದ ಕೆಳಗೆ ಎರಡೂ ಕಡೆ ಗಟ್ಟಿಯಾಗಿ ಊದಿ, ನಾಲಿಗೆ ಮೇಲೆದ್ದು, ಉಸಿರಾಟಕ್ಕೆ ತೊಡಕಾದರೆ ಅದು ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ, ಬೆಳಗಾಗಲಿ ಎನ್ನುವಂತಿಲ್ಲ.

ತಪ್ಪು ಕಲ್ಪನೆ: ಪ್ರಜ್ಞೆ ತಪ್ಪಿಸದೆ ಇದನ್ನು ಮಾಡುವುದು ಅಸಾಧ್ಯ, ಅದಕ್ಕೇ ಖಾಲಿ ಹೊಟ್ಟೆಯಲ್ಲಿ ಹೋಗಬೇಕು.

ವಾಸ್ತವ: ಮಂಪರಿನಲ್ಲಿ ತೊದಲುವ ಅಮೆರಿಕದ ಹುಡುಗ ಹುಡುಗಿಯರ ವಿಡಿಯೊಗಳು ನಮ್ಮ ಫೋನುಗಳಿಗೂ ಬಂದಿವೆ. ಅಲ್ಲಿ ರಕ್ತನಾಳದ ಮೂಲಕ ಮಂಪರಿನ ಔಷಧ ಕೊಡುವುದು ಸಾಮಾನ್ಯ. ನಮ್ಮಲ್ಲಿ ಬಹುಪಾಲು ಬುದ್ಧಿಹಲ್ಲುಗಳು ಹೊರಬರುವುದು ಆ ಜಾಗವನ್ನಷ್ಟೇ ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್ನಿನಲ್ಲೇ. ಅದಕ್ಕೆ ಉಪವಾಸ ಬೇಕಿಲ್ಲ. ತಿಂಡಿ ತಿಂದು ಹೋಗುವುದೇ ಒಳ್ಳೆಯದು. ಹಸಿವಿಗೆ ಭಯ ಸೇರಿ ಕುರ್ಚಿಯಲ್ಲೇ ತಲೆ ಸುತ್ತುವವರಿದ್ದಾರೆ. ಸಕ್ಕರೆ ಕಾಯಿಲೆಯವರಿಗಂತೂ ಉಪವಾಸ ಅಪಾಯ.

ಕುರ್ಚಿಯಲ್ಲಿ ಆಗುವುದು ಇಷ್ಟು. ಇಂಜೆಕ್ಷನ್ ಚುಚ್ಚಿದಾಗ ಉರಿ. ಔಷಧದಲ್ಲಿ ಅಡ್ರಿನಲಿನ್ ಬೆರೆತಿರುವುದರಿಂದ ಒಂದೆರಡು ನಿಮಿಷ ಎದೆ ಡವಡವ. ಆಮೇಲೆ ಅರ್ಧ ತುಟಿ, ಅರ್ಧ ನಾಲಿಗೆ ದಪ್ಪಗಾದ ಅನುಭವ. ನೋವು ಗೊತ್ತಾಗುವುದಿಲ್ಲ, ಒತ್ತಡ ಗೊತ್ತಾಗುತ್ತದೆ, ಸದ್ದು ಕೇಳುತ್ತದೆ. ಹುದುಗಿದ ಹಲ್ಲಾದರೆ ಒಸಡು ಬಿಡಿಸಿ, ನೀರು ಹಾಯಿಸುತ್ತ ಸ್ವಲ್ಪ ಮೂಳೆ ಕೊರೆದು, ಹಲ್ಲನ್ನು ತುಂಡು ಮಾಡಿ ತೆಗೆಯುತ್ತಾರೆ. ತುಂಡಾಗುವಾಗ ಟಕ್ ಎನ್ನುವ ಸದ್ದಿಗೆ ದವಡೆಯೇ ಮುರಿಯಿತೆಂದು ಬೆಚ್ಚುವವರು ಬಹಳ. ಮುರಿದದ್ದು ಹಲ್ಲು, ಬೇಕೆಂದೇ. ನಡುವೆ ನೋವಾದರೆ ಕೈ ಎತ್ತಿದರಾಯಿತು, ಇನ್ನಷ್ಟು ಔಷಧ ಕೊಡುತ್ತಾರೆ. ಮೇಲ್ದವಡೆಯ ಮೂಳೆ ಮೆತ್ತಗೆ, ಅಲ್ಲಿಯ ಹಲ್ಲು ಎಷ್ಟೋ ಸಲ ಕೆಲವೇ ನಿಮಿಷಗಳಲ್ಲಿ ಬರುತ್ತದೆ. ಕೆಲಸ ಹೆಚ್ಚು ಕೆಳಗಿನದಕ್ಕೆ.

ಮರಗಟ್ಟುವಿಕೆ ಎರಡರಿಂದ ನಾಲ್ಕು ಗಂಟೆ ಇರುತ್ತದೆ. ವೈದ್ಯರು ಬರೆದ ನೋವಿನ ಮಾತ್ರೆಯನ್ನು ಅದು ಇಳಿಯುವ ಮೊದಲೇ ನುಂಗಬೇಕು. ನೋವು ಬಂದರೆ ನೋಡೋಣ ಎಂದು ಕಾಯುವ ನಮ್ಮ ಶೌರ್ಯ ಮೊದಲ ರಾತ್ರಿಯ ನಿದ್ದೆ ಕೆಡಿಸುತ್ತದೆ.

ತಪ್ಪು ಕಲ್ಪನೆ: ನರ ತುಂಡಾಗಿ ಬಾಯಿ ಸೊಟ್ಟಗಾಗುತ್ತದೆ.

ವಾಸ್ತವ: ಮುಖದ ಸ್ನಾಯುಗಳನ್ನು ಆಡಿಸುವ ನರ ಬೇರೆ, ಮೆದುಳಿನ ನರಗಳಲ್ಲಿ ಏಳನೆಯದು. ಹಲ್ಲು ತೆಗೆಯುವ ಜಾಗ ಅದರ ದಾರಿಯಲ್ಲಿಲ್ಲ. ಆದರೆ ಕೆಳಗಿನ ಬುದ್ಧಿಹಲ್ಲಿನ ಬೇರಿನ ಹತ್ತಿರವೇ ತುಟಿ ಮತ್ತು ಗದ್ದದ ಸ್ಪರ್ಶದ ನರ ಹಾಯುತ್ತದೆ, ಒಳಬದಿಯಲ್ಲಿ ನಾಲಿಗೆಯದು. ಅವು ಘಾಸಿಗೊಂಡರೆ ಜೋಮು ಉಳಿಯುತ್ತದೆ. ನೂರರಲ್ಲಿ ಕೆಲವರಿಗೆ ವಾರಗಳು, ತಿಂಗಳುಗಳ ಮಟ್ಟಿಗೆ ಹೀಗಾಗಬಹುದು. ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಕಡಿಮೆ ಎಂದರೆ ಇಲ್ಲ ಎಂದಲ್ಲ, ಆದ್ದರಿಂದ ಸಹಿ ಹಾಕುವ ಮೊದಲು ಕೇಳಿ ತಿಳಿದುಕೊಳ್ಳುವುದು ನಮ್ಮ ಹಕ್ಕು. ಬೇರು ನರಕ್ಕೆ ತೀರ ಹತ್ತಿರವಿದ್ದರೆ ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿ, ಕೆಲವೊಮ್ಮೆ ಹಲ್ಲಿನ ತಲೆಯನ್ನಷ್ಟೇ ತೆಗೆದು ಬೇರನ್ನು ಬಿಡುವ ವಿಧಾನವೂ ಇದೆ.

ತಪ್ಪು ಕಲ್ಪನೆ: ಅಮಾವಾಸ್ಯೆ, ಹುಣ್ಣಿಮೆ, ಮುಟ್ಟಿನ ದಿನಗಳಲ್ಲಿ ಹಲ್ಲು ಕೀಳಿಸಿದರೆ ರಕ್ತ ನಿಲ್ಲುವುದಿಲ್ಲ.

ವಾಸ್ತವ: ರಕ್ತ ನಿಲ್ಲುವುದು ಪ್ಲೇಟ್‌ಲೆಟ್ಟು ಮತ್ತು ಹೆಪ್ಪುಗಟ್ಟಿಸುವ ಪ್ರೋಟೀನುಗಳಿಂದ, ಚಂದ್ರನ ಕಲೆಗೆ ಅದರಲ್ಲಿ ಪಾತ್ರವಿಲ್ಲ. ಮುಟ್ಟಾಗಿದ್ದರೆ ಮುಂದೂಡಬೇಕಿಲ್ಲ, ಆಯಾಸವಿದ್ದರೆ ಮಾತ್ರ ಅವರವರ ಇಷ್ಟ. ಪಂಚಾಂಗ ನೋಡುವವರು ಮರೆಯುವುದು ಮಾತ್ರೆಯ ಡಬ್ಬಿ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ದಂತವೈದ್ಯರಿಗೆ ಹೇಳಲೇಬೇಕು, ತಾವಾಗಿ ನಿಲ್ಲಿಸಲೇಬಾರದು. ಒಸಡಿನ ರಕ್ತವನ್ನು ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಮಾತ್ರೆ ಬಿಟ್ಟು ಹೃದಯದಲ್ಲೋ ಮೆದುಳಲ್ಲೋ ಹೆಪ್ಪುಗಟ್ಟಿದರೆ ಅದನ್ನು ಸರಿಪಡಿಸುವುದು ಅಷ್ಟು ಸುಲಭವಲ್ಲ.

ತಪ್ಪು ಕಲ್ಪನೆ: ಕಿತ್ತ ಮೇಲೆ ರಕ್ತವನ್ನೆಲ್ಲ ಉಗಿದು, ಉಪ್ಪುನೀರಿನಲ್ಲಿ ಚೆನ್ನಾಗಿ ಮುಕ್ಕಳಿಸಬೇಕು; ಮೊಸರು ನಂಜು, ಬಿಸಿಬಿಸಿ ಗಂಜಿಯೇ ಪಥ್ಯ.

ವಾಸ್ತವ: ಸಭೆಯಲ್ಲಿ ಯಾರೂ ಹೇಳದ ಭಾಗ ಇದು. ಹಲ್ಲಿದ್ದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೊಣಕಾಲಿನ ಗಾಯದ ಮೇಲೆ ಕಟ್ಟುವ ಹಕ್ಕಳೆಯ ಹಾಗೆ ಅದೇ ಗುಳಿಗೆ ಹೊದಿಕೆ. ಅದು ಕಿತ್ತುಬಂದರೆ ಮೂಳೆ ಬರಿದಾಗಿ ಡ್ರೈ ಸಾಕೆಟ್ ಆಗುತ್ತದೆ. ಮೊದಲೆರಡು ದಿನ ಕಡಿಮೆಯಾಗುತ್ತ ಬಂದ ನೋವು ಮೂರನೆಯ ದಿನದ ಆಸುಪಾಸಿನಲ್ಲಿ ತಿರುಗಿ ಬೀಳುತ್ತದೆ, ಕಿವಿಯವರೆಗೆ ಎಳೆಯುತ್ತದೆ, ಬಾಯಿ ವಾಸನೆ ಬರುತ್ತದೆ, ಮಾತ್ರೆಗೆ ಬಗ್ಗುವುದಿಲ್ಲ. ವೈದ್ಯರು ಗುಳಿ ತೊಳೆದು ಔಷಧದ ಪಟ್ಟಿ ಇಟ್ಟರೆ ಬಹಳ ಬೇಗ ಹಾಯೆನಿಸುತ್ತದೆ. ಆ ಪಟ್ಟಿಯಲ್ಲಿ ಹೆಚ್ಚಾಗಿ ಇರುವುದು ಅದೇ ಲವಂಗದ ಯೂಜಿನಾಲ್.

ಆದ್ದರಿಂದ ಕಚ್ಚಿಹಿಡಿದ ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಬಿಡಬಾರದು, ಮತ್ತೆ ಮತ್ತೆ ತೆಗೆದು ನೋಡಬಾರದು. ಮೊದಲ ದಿನ ಉಗಿಯಬಾರದು. ಹಾಸಿಗೆಯ ಪಕ್ಕ ಉಗಿಯಲು ಪಾತ್ರೆ ಇಟ್ಟುಕೊಡುವುದು ಪ್ರೀತಿಯಿಂದ ಮಾಡುವ ಅಪಕಾರ. ಒಂದು ಹನಿ ರಕ್ತ ಬಾಯ್ತುಂಬ ಉಗುಳನ್ನು ಕೆಂಪಾಗಿಸುತ್ತದೆ, ಅದನ್ನು ನುಂಗಿದರೆ ಏನೂ ಆಗದು. ಉಪ್ಪುನೀರು ಒಳ್ಳೆಯದೇ, 24 ಗಂಟೆ ಕಳೆದ ಮೇಲೆ, ಬೆಚ್ಚಗೆ, ಮೆಲ್ಲಗೆ. ರೋಗಿಯನ್ನು ನೋಡಲು ಬಂದವರು ತರುವ ಎಳನೀರಿಗೆ ಅಡ್ಡಿಯಿಲ್ಲ, ಅದರೊಳಗಿನ ಸ್ಟ್ರಾಗೆ ಅಡ್ಡಿಯಿದೆ: ಹೀರುವ ಸೆಳೆತಕ್ಕೆ ಹೆಪ್ಪು ಕದಲಬಹುದು. ಲೋಟಕ್ಕೆ ಬಗ್ಗಿಸಿ ಕುಡಿಯಿರಿ. ಬೀಡಿ ಸಿಗರೇಟು ಎರಡು ಪಟ್ಟು ಕೆಟ್ಟವು, ಸೆಳೆತವೂ ಹೌದು, ರಕ್ತಸಂಚಾರ ಕುಗ್ಗಿಸುವ ನಿಕೋಟಿನ್ನೂ ಹೌದು. ಎಲೆಅಡಿಕೆ, ಗುಟ್ಕಾಗೂ ರಜೆ.

ಇನ್ನು ಪಥ್ಯ. ನಂಜಿನ ಪಟ್ಟಿಯಲ್ಲಿ ನಾವು ಹಾಕಿಟ್ಟ ಮೊಸರು, ಬಾಳೆಹಣ್ಣು, ಐಸ್‌ಕ್ರೀಮುಗಳೇ ಈ ಹೊತ್ತಿಗೆ ಹೇಳಿಮಾಡಿಸಿದ ಊಟ. ಮೆತ್ತಗೆ ಕಲಸಿದ ಮೊಸರನ್ನ, ತಣ್ಣನೆಯ ರಾಗಿ ಅಂಬಲಿ, ಮಜ್ಜಿಗೆ ಎಲ್ಲವೂ ಸರಿ. ಕೀವು ಆಗುವುದು ಬ್ಯಾಕ್ಟೀರಿಯಾದಿಂದ, ಮೊಸರಿನಿಂದಲ್ಲ. ಪಥ್ಯವೆಂದು ಕೊಡುವ ಹೊಗೆಯಾಡುವ ಗಂಜಿ, ಬಿಸಿ ಕಾಫಿ ಮೊದಲ ದಿನ ರಕ್ತಸ್ರಾವ ಹೆಚ್ಚಿಸುತ್ತವೆ. ಮೊಸರನ್ನಕ್ಕೆ ಒಗ್ಗರಣೆ ಮಾತ್ರ ಬೇಡ. ಗುಳಿಗೆ ಇಳಿದ ಸಾಸಿವೆಕಾಳನ್ನು ಹೊರತೆಗೆಯುವುದು ತಮಾಷೆಯಲ್ಲ.

ತಪ್ಪು ಕಲ್ಪನೆ: ಮೂರನೆಯ ದಿನವೂ ಕೆನ್ನೆ ಊದಿದೆ, ಗುಳಿಯಲ್ಲಿ ಬಿಳಿ ಕಾಣುತ್ತಿದೆ ಎಂದರೆ ಸೋಂಕಾಗಿದೆ, ಇನ್ನೂ ಜೋರಿನ ಆಂಟಿಬಯಾಟಿಕ್ ಬೇಕು.

ವಾಸ್ತವ: ಊತ ಏರುವುದೇ ಎರಡು ಮೂರು ದಿನಗಳವರೆಗೆ, ಆಮೇಲೆ ಇಳಿಯುತ್ತದೆ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಕೆನ್ನೆಗೆ ಬಿಟ್ಟುಬಿಟ್ಟು ಒತ್ತಿದರೆ ಹಿತ. ಗದ್ದದ ಮೇಲೆ ಹಳದಿ, ನೀಲಿ ಕಲೆ, ಒಂದೆರಡು ವಾರ ಬಾಯಿ ಪೂರ್ತಿ ತೆರೆಯಲಾಗದ ಬಿಗಿತ, ಇವೂ ನಿರೀಕ್ಷಿತವೇ. ಬಿಳಿ ಪದರ ಬಹುತೇಕ ಮಾಯುತ್ತಿರುವ ಗಾಯದ ಫೈಬ್ರಿನ್ ಎಂಬ ಪ್ರೋಟೀನು, ಕೆರೆದು ತೆಗೆಯಬೇಡಿ. ಆಂಟಿಬಯಾಟಿಕ್ ಎಲ್ಲರಿಗೂ ಬೇಕೇ ಎಂಬ ಪ್ರಶ್ನೆಗೆ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಪರಾಮರ್ಶೆಯ ಲೆಕ್ಕ ಹೀಗಿದೆ: ಒಬ್ಬರಿಗೆ ಸೋಂಕು ತಪ್ಪಿಸಲು ಸುಮಾರು 19 ಆರೋಗ್ಯವಂತರಿಗೆ ಕೊಡಬೇಕು. ಅದು ಬೇಕೋ ಬೇಡವೋ ಎಂಬುದು ವೈದ್ಯರ ವಿವೇಚನೆ. ಔಷಧದಂಗಡಿಯವರದ್ದಲ್ಲ, ನಮ್ಮದೂ ಅಲ್ಲ. ನಾಲ್ಕನೆಯ ದಿನದ ಮೇಲೂ ಊತ ಹೆಚ್ಚುತ್ತಿದ್ದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ, ಹತ್ತಿ ಕಚ್ಚಿದರೂ ರಕ್ತ ಸುರಿಯುತ್ತಿದ್ದರೆ ಫೋನಿನಲ್ಲಿ ಕೇಳುತ್ತ ಕೂರದೆ ಹೋಗಿ ತೋರಿಸಬೇಕು.

ತಪ್ಪು ಕಲ್ಪನೆ: ಹೊಲಿಗೆ ಬಿಚ್ಚಿದ ಮೇಲೂ ಗುಂಡಿ ಇದೆ ಎಂದರೆ ಗಾಯ ಮಾಯ್ದಿಲ್ಲ.

ವಾಸ್ತವ: ರೇಷ್ಮೆ ದಾರದ ಹೊಲಿಗೆಯನ್ನು ಸಾಮಾನ್ಯವಾಗಿ ಒಂದು ವಾರಕ್ಕೆ ತೆಗೆಯುತ್ತಾರೆ. ಒಸಡು ಮುಚ್ಚಿಕೊಳ್ಳಲು ಮೂರು ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಅನ್ನದಗುಳು ಸೇರುತ್ತದೆ, ಊಟದ ನಂತರ ಮುಕ್ಕಳಿಸಿದರೆ ಹೋಗುತ್ತದೆ. ಒಳಗೆ ಮೂಳೆ ತುಂಬುವುದು ತಿಂಗಳುಗಳ ಕೆಲಸ. ಆ ಹೊತ್ತಿಗೆ ನಾಲಿಗೆ ಅಲ್ಲಿ ಹುಡುಕುವುದನ್ನು ಬಿಟ್ಟಿರುತ್ತದೆ.