ಯಜಮಾನ ಯಂತ್ರದ ಪಹರೆ

ಮೈಸೂರಿನಿಂದ ಹುಣಸೂರನ್ನು ದಾಟಿ ಮಡಿಕೇರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಪಿರಿಯಾಪಟ್ಟಣಕ್ಕೆ ಮುನ್ನ ಕಂಪಲಾಪುರ ಸಿಗುತ್ತದೆ. ಹೊಗೆಸೊಪ್ಪಿನ ಹರಾಜು ಕಟ್ಟೆಯಿಂದಾಗಿ ಈ ಊರಿನ ಹೆಸರು ಸುತ್ತಣ ರೈತರೆಲ್ಲರಿಗೂ ಪರಿಚಿತವಾದುದು. ಮಳೆಗಾಲದ ರಾತ್ರಿ ಆ ಸೀಮೆಯ ಹಳ್ಳಿಗಳಲ್ಲಿ ತಂಗಿದವರು ಬ್ಯಾರನ್ನುಗಳ ಕಾವಲನ್ನು ಕಂಡಿರಬಹುದು. ಒಳಗೆ ಕಡ್ಡಿಗಳಿಗೆ ಪೋಣಿಸಿ ತೂಗುಬಿಟ್ಟ ವರ್ಜೀನಿಯಾ ಎಲೆ. ಕೆಳಗೆ ಒಲೆಯ ಬಿಸಿಯನ್ನು ಒಯ್ಯುವ ತಗಡಿನ ಕೊಳವೆ. ಮೊದಲು ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎಲೆ ಹಳದಿಗೆ ತಿರುಗಬೇಕು. ಅನಂತರ ಶಾಖವನ್ನು ಮೆಲ್ಲಮೆಲ್ಲನೆ ಏರಿಸಿ, ಕೊನೆಗೆ 70 ಡಿಗ್ರಿಯ ಆಸುಪಾಸಿನಲ್ಲಿ ನಡುದಂಟನ್ನು ಒಣಗಿಸಬೇಕು. ಅವಸರದಲ್ಲಿ ಬಿಸಿ ಏರಿತೆಂದರೆ ಹರಾಜಿನಲ್ಲಿ ಬೆಲೆ ಇಳಿಯಿತೆಂದೇ ಅರ್ಥ.

ಇಂಥ ನಾಲ್ಕಾರು ಬ್ಯಾರನ್ನುಗಳು ಒಬ್ಬನೇ ಕಾವಲುಗಾರನ ಪಾಲಿಗೆ ಬಂದರೆ ಅವನು ಮಾಡುವುದೇನು? ಒಂದೊಂದರ ಬಳಿಗೂ ಹೋಗಿ ಉಷ್ಣಮಾಪಕವನ್ನು ನೋಡುತ್ತಾನೆ, ನೆನಪಿನಲ್ಲಿಟ್ಟುಕೊಳ್ಳುತ್ತಾನೆ, ಮುಂದಿನದಕ್ಕೆ ನಡೆಯುತ್ತಾನೆ. ಸುತ್ತು ಮುಗಿದೊಡನೆ ಮತ್ತೆ ಮೊದಲಿನದಕ್ಕೆ ಬರುತ್ತಾನೆ. ಕಾರ್ಖಾನೆಯ ಸ್ವಯಂಚಾಲನೆಯ ಜಾಲದಲ್ಲಿ ಯಜಮಾನ ಯಂತ್ರವು ಮಾಡುವ ಕೆಲಸವೂ ಇದೇ ಆಗಿದೆ. ಕಂಪಲಾಪುರದ ಬ್ಯಾರನ್ನುಗಳಲ್ಲಿ ಅಂಥ ಜಾಲವಿದೆಯೆಂದು ನಾವು ಹೇಳುತ್ತಿಲ್ಲ. ವಿಷಯವನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ದೊರೆಯಲಿಲ್ಲ, ಅಷ್ಟೆ.

1979ರಲ್ಲಿ ಅಮೆರಿಕದ ಮೋಡಿಕಾನ್ ಸಂಸ್ಥೆಯು ತನ್ನ ನಿಯಂತ್ರಕಗಳಿಗಾಗಿ ‘ಮಾಡ್‌ಬಸ್’ ಎಂಬ ಸಂಭಾಷಣೆಯ ಕ್ರಮವನ್ನು ಪ್ರಕಟಿಸಿತು. ಒಂದು ಜೊತೆ ತಂತಿಯ ಮೇಲೆ ಯಜಮಾನನೊಬ್ಬ, ಉಳಿದವರೆಲ್ಲ ಆಳುಗಳು. ಯಜಮಾನನು ಹೆಸರು ಹಿಡಿದು ಕೇಳಿದ ಹೊರತು ಆಳು ಬಾಯಿ ತೆರೆಯುವಂತಿಲ್ಲ. ಆದ್ದರಿಂದ ಎರಡು ಧ್ವನಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುವ ಭಯವಿಲ್ಲ. (ಯಜಮಾನ, ಆಳು ಎಂಬ ಹೆಸರುಗಳು ಸಲ್ಲವೆಂದು 2020ರಲ್ಲಿ ಮಾಡ್‌ಬಸ್ ಸಂಘಟನೆಯು ಕ್ಲೈಂಟ್, ಸರ್ವರ್ ಎಂಬ ಪದಗಳನ್ನು ಅಂಗೀಕರಿಸಿತು. ಉಪಕರಣಗಳ ಕೈಪಿಡಿಗಳಲ್ಲಿ ಹಳೆಯ ಹೆಸರುಗಳಿನ್ನೂ ಕಾಣಸಿಗುವುದರಿಂದ ನಾವು ಅವನ್ನೇ ಬಳಸಿದ್ದೇವೆ.)

ಯಜಮಾನನಿಗೆ ಮೊದಲು ಪಾಠ ಹೇಳಿಕೊಡಬೇಕು. ತಂತಿಯ ಮೇಲಿನ ವೇಗವೆಷ್ಟು, ಯಾವ ಯಾವ ಸಂಖ್ಯೆಯ ಆಳುಗಳಿದ್ದಾರೆ, ಅವರ ಯಾವ ಕೋಶದಿಂದ ಅಂಕಿಯನ್ನು ಓದಬೇಕು, ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕು ಎಂಬುದೆಲ್ಲ ಈ ಪಾಠದಲ್ಲಿ ಸೇರುತ್ತದೆ. ಆಳುಗಳಿಗೆ 1ರಿಂದ 247ರ ವರೆಗಿನ ಸಂಖ್ಯೆಗಳನ್ನು ಕೊಡಬಹುದು. ತಯಾರಕರಿಂದ ಬರುವಾಗ ಅನೇಕ ಉಪಕರಣಗಳ ಸಂಖ್ಯೆ 1 ಆಗಿರುತ್ತದೆ. ಬದಲಿಸದೆ ಎರಡನ್ನು ಒಂದೇ ತಂತಿಗೆ ಜೋಡಿಸಿದರೆ ಎರಡೂ ಒಟ್ಟಿಗೆ ಉತ್ತರಿಸಿ ಯಜಮಾನನಿಗೆ ಬರಿಯ ಗದ್ದಲ ಕೇಳಿಸುತ್ತದೆ.

ಇದಕ್ಕಿಂತ ಅಪಾಯಕರವಾದುದು ಕೋಶದ ಎಣಿಕೆಯ ತಪ್ಪು. ಕೈಪಿಡಿಯಲ್ಲಿ 40001 ಎಂದು ಬರೆದ ಕೋಶವು ತಂತಿಯ ಮೇಲೆ ಸೊನ್ನೆಯ ಕೋಶವೆನಿಸುತ್ತದೆ. ಇದನ್ನು ಮರೆತು 1 ಎಂದು ಬರೆದೆವೆನ್ನೋಣ. ಉಷ್ಣತೆಯ ಬದಲು ಪಕ್ಕದ ಕೋಶದ ಆರ್ದ್ರತೆ ಬರುತ್ತದೆ. ಕೋಶಗಳಲ್ಲಿ ಪೂರ್ಣಾಂಕಗಳಿರುವುದರಿಂದ 38.4ನ್ನು 384 ಎಂದು ಇಡುವುದು ರೂಢಿ. 620 ಎಂದು ಬಂದ ಅಂಕಿಯನ್ನು ಹತ್ತರಿಂದ ಭಾಗಿಸಿ ಫಲಕವು 62 ಡಿಗ್ರಿಯೆಂದು ತೋರಿಸುತ್ತದೆ. ನಂಬಲರ್ಹವಾಗಿ ಕಾಣುವ ತಪ್ಪು ಅಂಕಿ! ಒಲೆಯಿಂದ ಸೌದೆಯನ್ನು ಹೊರಗೆಳೆಯಲು ಇಷ್ಟೇ ಸಾಕು.

ಇನ್ನು ಕಾಲದ ಲೆಕ್ಕ. ಕೇಳಿಕೆಗೆ 8 ಬೈಟುಗಳು, ಒಂದು ಕೋಶದ ಉತ್ತರಕ್ಕೆ 7, ಒಟ್ಟು 15. ಬೈಟೊಂದಕ್ಕೆ ಆದಿ, ಅಂತ್ಯ ಮತ್ತು ತಾಳೆಯ ಬಿಟ್ಟುಗಳು ಸೇರಿ 11 ಬಿಟ್ಟುಗಳಾದರೆ 165 ಬಿಟ್. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಇದಕ್ಕೆ ಸುಮಾರು 17 ಮಿಲಿಸೆಕೆಂಡ್ ಹಿಡಿಯುತ್ತದೆ. ಎರಡು ಸಂದೇಶಗಳ ಕೊನೆಯ ಕಡ್ಡಾಯದ ಮೌನಗಳಿಗೆ 8, ಆಳು ಯೋಚಿಸಲು 20 ಎಂದು ಹಿಡಿದರೆ ಒಬ್ಬನಿಗೆ 45. ಇಪ್ಪತ್ತು ಆಳುಗಳ ಸುತ್ತು ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಅವರಲ್ಲೊಬ್ಬ ಸತ್ತುಹೋದನೆನ್ನಿ. ಅವನ ಉತ್ತರಕ್ಕಾಗಿ ಒಂದು ಸೆಕೆಂಡು ಕಾದು, ಮತ್ತೆರಡು ಸಲ ಪ್ರಯತ್ನಿಸೆಂದು ಯಜಮಾನನಿಗೆ ಹೇಳಿದ್ದರೆ ಸುತ್ತು ಒಮ್ಮೆಗೇ 3.9 ಸೆಕೆಂಡಿಗೆ ಬೆಳೆಯುತ್ತದೆ. ಹೊಗೆಸೊಪ್ಪಿಗೆ ಇದು ಏನೂ ಅಲ್ಲ; ಓಡುತ್ತಿರುವ ಯಂತ್ರಕ್ಕೆ ಮೂರು ಸೆಕೆಂಡು ದೀರ್ಘಕಾಲ. ಸತ್ತ ಒಬ್ಬನಿಗಾಗಿ ಬದುಕಿರುವ ಹತ್ತೊಂಬತ್ತು ಮಂದಿ ಕಾಯಬೇಕಾಗುತ್ತದೆ.

ಮೂರು ಉಷ್ಣತಾಗ್ರಾಹಕಗಳನ್ನು ಜೋಡಿಸಿ ನಮ್ಮ ಪ್ರಯೋಗಶಾಲೆಯಲ್ಲಿ ಒಮ್ಮೆ ಇದನ್ನೆಲ್ಲ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆವು. ಒಂದು ಗ್ರಾಹಕವನ್ನು ಬಿಸಿನೀರಿನಲ್ಲಿ ಅದ್ದಿದೆವು. ಫಲಕದ ಮೇಲೆ 38.4 ಎಂದಿದ್ದುದು ಹಾಗೆಯೇ ಉಳಿಯಿತು. ಗ್ರಾಹಕ ನಿಧಾನವಾದುದೆಂದು ನಾವು ವಿವರಣೆಯನ್ನೂ ಕೊಟ್ಟೆವು! ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಮೇಜಿನ ಕೆಳಗೆ ಬಿದ್ದಿದ್ದ ತಂತಿಯ ತುದಿಯನ್ನು ತೋರಿಸಿದಳು. ಆಳು ಮೌನವಾಗಿದ್ದ; ಯಜಮಾನನು ಕೊನೆಯ ಬಾರಿ ಕೇಳಿದ ಅಂಕಿಯನ್ನೇ ಶ್ರದ್ಧೆಯಿಂದ ತೋರಿಸುತ್ತಿದ್ದ. ಅಂಕಿ ಸುಳ್ಳಾಗಿರಲಿಲ್ಲ, ಹಳೆಯದಾಗಿತ್ತು.

ಆದ್ದರಿಂದ ಆಳುಗಳ ಮೇಲೆ ಕಣ್ಣಿಟ್ಟಿರುವ ಯಜಮಾನನ ಮೇಲೆಯೂ ಕಣ್ಣಿಡಬೇಕು. ಎಷ್ಟು ಕೇಳಿಕೆ ಹೋದವು, ಎಷ್ಟು ಉತ್ತರ ಬಂದವು, ಎಷ್ಟು ಬಾರದೆ ಕಾಲ ಮೀರಿತು, ಎಷ್ಟು ಉತ್ತರಗಳು ಕೆಟ್ಟು ಬಂದವು ಎಂಬ ಎಣಿಕೆಗಳನ್ನು ಒಳ್ಳೆಯ ಯಜಮಾನ ಯಂತ್ರವು ಇಟ್ಟಿರುತ್ತದೆ. ಪ್ರತಿ ಸಂದೇಶದ ಕೊನೆಯಲ್ಲಿ 16 ಬಿಟ್ಟುಗಳ ಪರೀಕ್ಷಾಸಂಖ್ಯೆ ಇರುವುದರಿಂದ ಕೆಟ್ಟುದನ್ನು ಗುರುತಿಸುವುದು ಸಾಧ್ಯ. ಒಬ್ಬನೇ ಮೌನವಾದರೆ ಅವನ ವಿದ್ಯುತ್ತನ್ನೂ ಸಂಖ್ಯೆಯನ್ನೂ ನೋಡಬೇಕು. ಒಂದು ಸ್ಥಳದಿಂದಾಚೆಗೆ ಎಲ್ಲರೂ ಮೌನವಾದರೆ ಅಲ್ಲಿ ತಂತಿ ಕಡಿದಿರಬೇಕು. ಆಗಾಗ ಎಲ್ಲರ ಉತ್ತರವೂ ಕೆಡುತ್ತಿದ್ದರೆ ಭೌತವಿಜ್ಞಾನವನ್ನು ನೆನೆಯಬೇಕು. ಕಂಬಕ್ಕೆ ಕಟ್ಟಿದ ಹಗ್ಗವನ್ನು ಜಾಡಿಸಿದರೆ ಅಲೆ ಕಂಬಕ್ಕೆ ತಾಗಿ ಹಿಂದಿರುಗುವುದಷ್ಟೆ? ಉದ್ದನೆಯ ತಂತಿಯ ತುದಿಯಲ್ಲಿ ವಿದ್ಯುತ್ ಸಂಜ್ಞೆಯೂ ಹಾಗೆಯೇ ಹಿಂದಿರುಗಿ ಹೊಸ ಸಂಜ್ಞೆಯೊಡನೆ ಕಲೆಯುತ್ತದೆ. ಎರಡು ತುದಿಗಳಲ್ಲೂ 120 ಓಮ್‌ಗಳ ರೋಧಕವನ್ನು ಇಡುವುದು ಈ ಅಲೆಯನ್ನು ಹೀರಿಕೊಳ್ಳಲಿಕ್ಕಾಗಿಯೇ. ತಂತಿ ಚಿಕ್ಕದಾಗಿ ವೇಗ ಕಡಮೆಯಿದ್ದರೆ ರೋಧಕವಿಲ್ಲದೆಯೂ ನಡೆದುಹೋಗುತ್ತದೆ. ಜಾಲ ಬೆಳೆದಾಗ ತೊಂದರೆ ತಲೆದೋರುತ್ತದೆ.

ಯಜಮಾನನೇ ನಿಂತುಹೋದರೆ? ಮಾಡ್‌ಬಸ್ ನಿಯಮಗಳಲ್ಲಿ ಇದಕ್ಕೆ ಕಡ್ಡಾಯದ ಏರ್ಪಾಡಿಲ್ಲ. ಜಾಲವನ್ನು ಕಟ್ಟುವವನೇ ಯೋಚಿಸಬೇಕು. 1987ರಲ್ಲಿ ಜರ್ಮನಿಯಲ್ಲಿ ಕೆಲಸ ಮೊದಲಾದ ‘ಪ್ರೊಫಿಬಸ್’ ಕ್ರಮದಲ್ಲಾದರೋ, ಯಜಮಾನನು ಆರಂಭದಲ್ಲಿಯೇ ಪ್ರತಿಯೊಬ್ಬ ಆಳಿಗೂ ಒಂದು ಗಡುವನ್ನು ತಿಳಿಸಿಡಬಹುದು. ಅಷ್ಟರೊಳಗೆ ತನ್ನ ದನಿ ಕೇಳಿಸದಿದ್ದರೆ ಆಳು ತಾನಾಗಿಯೇ ಸುರಕ್ಷಿತ ಸ್ಥಿತಿಗೆ ಹೋಗುತ್ತಾನೆ. ಆ ಸ್ಥಿತಿ ಯಾವುದೆಂಬುದನ್ನು ಮಾತ್ರ ಮನುಷ್ಯನೇ ತೀರ್ಮಾನಿಸಬೇಕು. ಒಲೆಗೆ ಗಾಳಿ ಊದುವ ಪಂಖವು ನಿಲ್ಲುವುದು ಕ್ಷೇಮ. ಬಾಯ್ಲರಿಗೆ ನೀರೂಡುವ ಪಂಪು ನಿಲ್ಲುವುದು ಕ್ಷೇಮವಲ್ಲ.

ಆ ದಿನದ ಬಳಿಕ ನಮ್ಮ ಪ್ರಯೋಗಶಾಲೆಯ ಫಲಕವನ್ನು ಬದಲಿಸಿದೆವು. ಈಗ ಪ್ರತಿಯೊಂದು ಅಂಕಿಯ ಪಕ್ಕದಲ್ಲೂ ಅದು ಎಷ್ಟು ಸೆಕೆಂಡು ಹಳೆಯದೆಂಬುದು ಕಾಣುತ್ತದೆ. ಹತ್ತು ಸೆಕೆಂಡು ಮೀರಿದರೆ ಅಂಕಿ ಅಳಿಸಿಹೋಗಿ ಅಲ್ಲೊಂದು ಅಡ್ಡಗೆರೆ ಮೂಡುತ್ತದೆ.